ಸುಮನ ಕಾಕುವಿಗೆ ಕೊಟ್ಟ ಬೀಜ

ಕಳೆದ ಚಳಿಗಾಲದಲ್ಲಿ ಸಾಂಗ್ಲಿಗೆ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಕೈಕಾಲು ತೊಳೆಯೋಣವೆಂದು ಮಂಗಲ ಕಾರ್ಯಾಲಯದ ಹಿಂದಕ್ಕೆ ಹೋದರೆ ಅಡುಗೆಯವನೊಬ್ಬ ದೊಡ್ಡ ಪಾತೇಲಿ ಓರೆ ಮಾಡಿ ಕುದಿನೀರನ್ನು ಗಟಾರಿಗೆ ಬಸಿಯುತ್ತಿದ್ದ. ಹಬೆ ನನ್ನ ಮುಖಕ್ಕೇ ಬಂತು. ಏನೆಂದು ಬಗ್ಗಿ ನೋಡುವ ಅಗತ್ಯವಿರಲಿಲ್ಲ. ಡಬಲ್ ಬೀ ಕಾಳನ್ನು ಮೊದಲ ಸಲ ಕುದಿಸಿ ಚೆಲ್ಲುವ ನೀರಿನ ವಾಸನೆ ಅದು, ಹಸಿಹಸಿ, ಒಂದಿಷ್ಟು ಕಹಿ. ಆ ಕಾಳನ್ನು ಹಸಿಯಾಗಿ ಬಾಯಿಗೆ ಹಾಕಬಾರದು, ಮುಚ್ಚಳ ಮುಚ್ಚಿ ಬೇಯಿಸಬಾರದು, ಮೊದಲ ನೀರು ಚೆಲ್ಲಲೇಬೇಕು. ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಅವ್ವ.

ಆ ಕಾರ್ಯಾಲಯ ನಿಂತಿರುವ ಜಾಗದಲ್ಲಿ, ನಾನು ಮದುವೆಯಾಗಿ ಬಂದಾಗ, ಕಬ್ಬು ಇತ್ತು. ಅದರ ಹಿಂದಿನ ಎರಡನೆಯ ಓಣಿಯಲ್ಲಿ ನಮ್ಮ ಹಳೆಯ ಮನೆ, ಪಕ್ಕದಲ್ಲೇ ಸುಮನ ಕಾಕುವಿನ ಬಂಗಲೆ. ಕಾಕು ಎಂದರೆ ಚಿಕ್ಕಮ್ಮ, ಓಣಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ನಾವು ಮನೆ ಮಾರಿ ಮಿರಜಿನ ಫ್ಲ್ಯಾಟಿಗೆ ಹೋಗಿ ಎಷ್ಟೋ ವರ್ಷವಾಯಿತು. ಸಾಂಗ್ಲಿಗೆ ಬಂದಾಗಲೆಲ್ಲ ಆ ಓಣಿಯನ್ನು ತಪ್ಪಿಸಿಯೇ ಓಡಾಡಿದ್ದೇನೆ. ಹಳೆಯ ಸಿಟ್ಟು ತಾನಾಗಿ ಮರೆತುಹೋಯಿತು ಎಂದು ಕೆಲವರು ಹೇಳುತ್ತಾರೆ. ನನ್ನದು ಮರೆತುಹೋಗುವ ಜಾತಿಯ ಸಿಟ್ಟಲ್ಲ. ಆ ಹಬೆ ಮೂಗಿಗೆ ಹೊಕ್ಕದ್ದೇ ತಡ, ಒಂದು ಮಳೆಗಾಲ ಇಡೀ ಎದ್ದು ಬಂದು ಎದುರಿಗೆ ಕೂತಿತು. ಕಾಲು ತಾವಾಗಿಯೇ ಆ ಓಣಿಯ ಕಡೆ ತಿರುಗಿದವು.

ಸಾಂಗ್ಲಿ ಮತ್ತು ಮಿರಜು ಒಂದನ್ನೊಂದು ಮುಟ್ಟಲು ಹವಣಿಸುತ್ತಿದ್ದ ಕಾಲ ಅದು. ನಡುವಿನ ರಸ್ತೆಯ ಎರಡೂ ಬದಿಗೆ ಕಬ್ಬಿನ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಪ್ಲಾಟು ಮಾಡುತ್ತಿದ್ದರು. ಕೇಬಲ್ ಟಿವಿಯ ವೈರು ಮನೆಯಿಂದ ಮನೆಗೆ ಜೋತಾಡುತ್ತಿತ್ತು. ಎರಡೂ ಊರು ಸೇರಿಸಿ ಮಹಾನಗರಪಾಲಿಕೆ ಮಾಡುತ್ತಾರಂತೆ ಎಂಬ ಮಾತು ಸಿಟಿ ಬಸ್ಸಿನಲ್ಲಿ ದಿನಾ ಕೇಳಿಬರುತ್ತಿತ್ತು. ನನ್ನ ಗಂಡನಿಗೆ ಮಿರಜು ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ. ಹೊಸ ಕಾಲೋನಿಯಲ್ಲಿ ನಮ್ಮದು ಎರಡೇ ಕೋಣೆಯ ಮನೆ, ಹಿಂದೆ ಒಂದು ತುಂಡು ಹಿತ್ತಲು, ಸುತ್ತ ಗೋಡೆಯಿಲ್ಲ, ತಂತಿ ಬೇಲಿ. ಮನೆಯಲ್ಲಿ ನಾನು, ಗಂಡ, ಕಣ್ಣಿಗೆ ಪೊರೆ ಬಂದಿದ್ದ ಅತ್ತೆ. ಹಿತ್ತಲ ಮೂಲೆಯಲ್ಲಿ ಹೊಲದ ಕಾಲದ ಬಾವಿಯೊಂದು ಮುಚ್ಚದೆ ಉಳಿದಿತ್ತು. ಅದೊಂದೇ ನಮಗಿದ್ದ ಶ್ರೀಮಂತಿಕೆ.

ಹಿಂದಿನ ವರ್ಷ ತವರೂರು ಸಮಡೋಳಿಯಲ್ಲಿ ನನ್ನ ಅವ್ವ ತೀರಿಕೊಂಡಿದ್ದಳು. ಅವಳ ಹಿತ್ತಲಲ್ಲಿ ಬೆಳೆಯುತ್ತಿದ್ದ ಡಬಲ್ ಬೀ ಪೇಟೆಯ ಡಬಲ್ ಬೀ ಅಲ್ಲ. ಪೇಟೆಯದಕ್ಕೆ ಬಳ್ಳಿ, ಬಳ್ಳಿಗೆ ಚಪ್ಪರ. ಅವ್ವನದು ಮೊಣಕಾಲೆತ್ತರದ ಗಿಡ. ಕೋಲು ಬೇಡ, ಹಗ್ಗ ಬೇಡ, ತನ್ನಷ್ಟಕ್ಕೆ ತಾನು ಪೊದೆಯಾಗಿ ನಿಂತು ಕಾಯಿ ಬಿಡುತ್ತಿತ್ತು. ಕಾಳು ಕೆನೆಬಣ್ಣ, ಕಣ್ಣಿನ ಹತ್ತಿರ ಬೆರಳಲ್ಲಿ ಕುಂಕುಮ ಒರೆಸಿದ ಹಾಗೆ ಒಂದು ಕೆಂಪು ಗೆರೆ. ಅವಳು ಹೋದ ಮೇಲೆ ಅಣ್ಣ ಮನೆಯ ಗೋಡೆಯ ತನಕ ಕಬ್ಬು ಹಚ್ಚಿಬಿಟ್ಟ. ಅಡುಗೆಮನೆಯ ಮಾಡದಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ, ಮುಂದಿನ ಬಿತ್ತನೆಗೆ ಹುಳ ಹತ್ತದಂತೆ ಬೂದಿ ಬೆರೆಸಿಟ್ಟಿದ್ದ ಎರಡು ಹಿಡಿ ಬೀಜ ಉಳಿದಿತ್ತು. ಅದನ್ನು ನಾನು ಬಾಟಲಿ ಸಮೇತ ಸೆರಗಿನಲ್ಲಿ ಕಟ್ಟಿಕೊಂಡು ತಂದೆ. ಇನ್ನೆಲ್ಲೂ ಆ ಬೀಜ ಇರಲಿಲ್ಲ. ಊರಲ್ಲಿ ಕೇಳಿದೆ, ಮಾಲಗಾಂವದಲ್ಲಿ ಅವ್ವನ ತಂಗಿ, ನಮ್ಮ ಮಾವಶಿಯ ಮನೆಯಲ್ಲೂ ಕೇಳಿದೆ. ಯಾರೂ ಉಳಿಸಿರಲಿಲ್ಲ.

ವೈಶಾಖದಲ್ಲಿ ಒಂದು ಹಿಡಿ ಬಿತ್ತಿದೆ. ಡಬಲ್ ಬೀಗೆ ಮಣ್ಣು ಬೆಚ್ಚಗಿರಬೇಕು, ಬೀಜದ ಕಣ್ಣು ಕೆಳಗಿರಬೇಕು, ಮೊಳಕೆ ತಲೆ ಎತ್ತುವವರೆಗೆ ಮೇಲೆ ನೀರು ಸುರಿಯಬಾರದು. ಎಂಟನೆಯ ದಿನ ಎಲ್ಲವೂ ಬೆನ್ನು ಬಾಗಿಸಿಕೊಂಡು ಎದ್ದವು. ಅವ್ವ ಸತ್ತ ಮೇಲೆ ನಾನು ಸರಿಯಾಗಿ ಅತ್ತಿರಲಿಲ್ಲ. ಅವತ್ತು ಮಡಿಯ ಬದಿಗೆ ಕೂತು ಅತ್ತೆ.

ಪಕ್ಕದ ಪ್ಲಾಟಿನಲ್ಲಿ ಅದೇ ಬೇಸಿಗೆ ಬಂಗಲೆ ಏಳುತ್ತಿತ್ತು. ಅರಿಶಿನದ ವ್ಯಾಪಾರದಲ್ಲಿ ಮೇಲೆ ಬಂದ ಮನೆತನ. ನಮ್ಮ ಹಾಗೆಯೇ ಕನ್ನಡದ ಜೈನರು, ಆದರೆ ಮನೆಯಾಕೆ ಸುಮನ ಕಾಕು ಬೀದಿಯಲ್ಲಿ ಮರಾಠಿಯನ್ನೇ ಆಡುತ್ತಿದ್ದಳು, ನಮ್ಮ ಮಂದಿಯ ಜೊತೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದಳು. ದಿನಾ ಮಧ್ಯಾಹ್ನ ಛತ್ರಿ ಹಿಡಿದು ಬಂದು ಕೆಲಸದವರ ಮೇಲೆ ನಿಗಾ ಇಡುತ್ತಿದ್ದಳು. ನಾನೊಂದು ದಿನ ಅತ್ತೆಯ ಕಣ್ಣು ತೋರಿಸಲು ಮಿರಜಿಗೆ ಹೋಗಿ ಬಂದರೆ, ನಮ್ಮ ತಂತಿ ಬೇಲಿ ಮಲಗಿತ್ತು. ಮಡಿಯ ಮೇಲೆ ಆಳೆತ್ತರ ಮುರುಮಿನ ರಾಶಿ, ಪಾಯಕ್ಕೆ ತುಂಬುವ ಗರಸು ಮಣ್ಣು. ಲಾರಿಗೆ ತಿರುಗಲು ಜಾಗ ಸಾಲದೆ ಡ್ರೈವರು ನಮ್ಮ ಹಿತ್ತಲಿಗೇ ಸುರಿದು ಹೋಗಿದ್ದ. ಕಾಕು ಅಲ್ಲೇ ನಿಂತಿದ್ದಳು. ಜೊತೆಗೆ ಕಾಲೋನಿಯ ಇಬ್ಬರು ಹೆಂಗಸರು.

"ಕಾಕು, ಇದೇನ್ರೀ ಮಾಡೀರಿ? ನನ್ನ ಸಸಿ ಇದ್ದೂ ಅಲ್ಲಿ" ಎಂದೆ.

"ಅಗ ಮಂಗಲ, ಎರಡ ಕಾಳಿನ ಸಲುವಾಗಿ ಹಿಂಗ್ಯಾಕ ಮಾರಿ ಮಾಡತಿ? ಕಾಯಿಪಲ್ಯದ ಮಂಡಯಿಗೆ ಹೋಗು, ಚಳಿಗಾಲದಾಗ ಗೋಣಿ ತುಂಬ ಬರತಾವ."

"ಇದು ಮಂಡಯ್ಯಾಗ ಸಿಗೂದಿಲ್ರಿ. ನಮ್ಮ ಅವ್ವನ ಬೀಜ ಇದು."

ಕಾಕು ಆ ಇಬ್ಬರ ಕಡೆ ತಿರುಗಿದಳು. "ಅವ್ವನ ಬೀಜ ಅಂತ! ಸಮಡೋಳಿ ಬಿಟ್ಟ ಬಂದ್ರೂ ಸಮಡೋಳಿ ಬುದ್ಧಿ ಬಿಡಲಿಲ್ಲ ನೋಡ್ರಿ ಇಕಿ. ಸಿಟಿಯೊಳಗ ಇರೂ ಮಂದಿ ಅಂಗಳದಾಗ ಗುಲಾಬಿ ಹಚ್ಚತಾರ."

ಅವರು ನಕ್ಕರು. ಕಾಕುವೂ ನಕ್ಕಳು, ಏನೂ ವಿಷವಿಲ್ಲದ ನಗೆ. ಅದೇ ನನ್ನನ್ನು ಸುಟ್ಟದ್ದು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಮುರುಮನ್ನು ಅವರ ಕೆಲಸದವರು ಮೂರು ದಿನ ಬಿಟ್ಟು ಎತ್ತಿಕೊಂಡು ಹೋದರು. ಕೆಳಗೆ ಸಸಿಗಳು ಕಪ್ಪಗಾಗಿ ನೆಲಕ್ಕೆ ಅಂಟಿದ್ದವು. ಅವತ್ತು ಮಡಿಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಈ ಹೆಂಗಸು ನಾಲ್ಕು ಜನರ ಎದುರಿಗೆ ತಲೆ ತಗ್ಗಿಸುವುದನ್ನು ನಾನು ನೋಡಬೇಕು. ನೋಡಿಯೇ ತೀರುತ್ತೇನೆ.

ಮೃಗದ ಮಳೆ ಬಿದ್ದ ಮೇಲೆ ಉಳಿದ ಹಿಡಿಯನ್ನು ಬಿತ್ತಿದೆ. ಈ ಸಲ ಬಾವಿಯ ಬದಿಗೆ, ಯಾವ ಲಾರಿಯೂ ಬರಲಾರದ ಕಡೆ. ಮಳೆಗೆ ಬೀಜ ಕೊಳೆಯಬಾರದೆಂದು ಗೇಣೆತ್ತರ ಮಣ್ಣು ಏರಿಸಿ, ಜೋರು ಮಳೆ ಬಂದಾಗಲೆಲ್ಲ ಹಳೆಯ ತಟ್ಟು ಮುಚ್ಚಿ ಕಾದೆ. ಹದಿನೇಳು ಗಿಡ ಉಳಿದವು. ಗಂಡ ನಗುತ್ತಿದ್ದರು. "ನಮ್ಮ ಲಗ್ನದಾಗೂ ನೀ ಇಷ್ಟ ಕಾಳಜಿ ಮಾಡಿದ್ದಿಲ್ಲ ಬಿಡು." ನಾನು ನಗಲಿಲ್ಲ. ಗಿಡ ಎತ್ತರವಾಗುತ್ತಿದ್ದ ಹಾಗೆ ಪಡುವಣ ಬದಿಗೆ ಕಾಕುವಿನ ಗೋಡೆಯೂ ಎತ್ತರವಾಗುತ್ತಿತ್ತು. ಆಷಾಢದಲ್ಲಿ ಅವರ ಸ್ಲ್ಯಾಬು ಹಾಕಿ ಆಯಿತು. ಮಧ್ಯಾಹ್ನ ಎರಡಕ್ಕೆಲ್ಲ ನನ್ನ ಮಡಿಗೆ ನೆರಳು ಬರತೊಡಗಿತು. ಆದರೂ ಬೆಳಗಿನ ಬಿಸಿಲು ಸಾಕಾಯಿತು. ಎಲೆಯ ಅಡಿಯಲ್ಲಿ ಸಣ್ಣ ಬಿಳಿ ಹೂವು, ಆಮೇಲೆ ಕುಡುಗೋಲಿನ ಹಾಗೆ ಬಾಗಿದ ಕಾಯಿ. ಶ್ರಾವಣ ಅರ್ಧವಾಗುವಷ್ಟರಲ್ಲಿ ಕಾಯಿ ತುಂಬಿಕೊಂಡವು. ಗಾರೆ ಒಣಗುವ ಮೊದಲೇ, ಅವಸರದಲ್ಲಿ, ಕಾಕುವಿನ ಮನೆಯ ಗೃಹಪ್ರವೇಶವೂ ಆಗಿಹೋಯಿತು.

ಆ ಚಾತುರ್ಮಾಸದಲ್ಲಿ ನಮ್ಮ ಕಡೆಯ ಬಸದಿಯಲ್ಲಿ ಒಬ್ಬ ಮುನಿಮಹಾರಾಜರು ತಂಗಿದ್ದರು. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುವವರು. ಕೊಡಬೇಕೆನ್ನುವ ಮನೆಯವರು ಮಡಿಯಲ್ಲಿ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಇದಕ್ಕೆ ಚೌಕಾ ಹಾಕುವುದು ಎನ್ನುತ್ತಾರೆ. ಮಹಾರಾಜರು ಮನಸ್ಸಿನಲ್ಲೇ ಏನೋ ಒಂದು ನೇಮ ಹಿಡಿದು ಹೊರಡುತ್ತಾರೆ, ಅದು ಯಾವ ಬಾಗಿಲಲ್ಲಿ ಕಂಡರೆ ಆ ಮನೆಗೆ ಬರುತ್ತಾರೆ. ಬೊಗಸೆಯಲ್ಲಿ ಕೂದಲೋ ಹುಳವೋ ಕಂಡರೆ ಅಲ್ಲಿಗೆ ಮುಗಿಯಿತು, ಅದು ಅಂತರಾಯ. ಕೈ ಬಿಟ್ಟು ಕೂತುಬಿಡುತ್ತಾರೆ. ಮರುದಿನದವರೆಗೆ ಅನ್ನವೂ ಇಲ್ಲ, ಒಂದು ಹನಿ ನೀರೂ ಇಲ್ಲ. ಅದಕ್ಕೇ ನಮ್ಮಲ್ಲಿ ಕಾಯಿಪಲ್ಯ ಬಿಡಿಸುವುದೆಂದರೆ ದೊಡ್ಡ ಕೆಲಸ. ಬೆಳಕಿನಲ್ಲಿ ಕೂತು ಒಂದೊಂದೇ ಕಾಯಿ ತೆರೆಯಬೇಕು, ಒಂದೊಂದೇ ಕಾಳನ್ನು ಎರಡು ಹೋಳು ಮಾಡಿ ಒಳಗೆ ನೋಡಬೇಕು.

ಜೀವನದಲ್ಲಿ ಒಮ್ಮೆಯಾದರೂ ತನ್ನ ಕೈಯಿಂದ ಮಹಾರಾಜರಿಗೆ ಆಹಾರ ಕೊಡಬೇಕೆಂದು ಅತ್ತೆಗೆ ಆಸೆ. "ನನ್ನ ಕಣ್ಣ ಪೂರ್ತಿ ಹೋಗೂದ್ರಾಗ ಒಮ್ಮೆ ಚೌಕಾ ಹಾಕೂಣು ಮಂಗಲ. ಬಾವಿ ನೀರ ಐತಿ, ಹಿತ್ತಲದಾಗ ಕಾಯಿ ಐತಿ. ಮತ್ತೇನ ಬೇಕು?" ಎಂದರು. ಒಂದು ದಿನ ಗೊತ್ತುಮಾಡಿದೆವು. ಅದೇ ದಿನ ಕಾಕುವಿನ ಮನೆಯಲ್ಲೂ ಚೌಕಾ. ಹೊಸ ಬಂಗಲೆಯ ಮೊದಲ ಚೌಕಾ.

ಮಹಾರಾಜರು ಉಪ್ಪು ಬಿಟ್ಟಿದ್ದರು, ಸಕ್ಕರೆ ಬಿಟ್ಟಿದ್ದರು, ಕಾಯಿಪಲ್ಯದಲ್ಲೂ ಮುಕ್ಕಾಲು ಬಿಟ್ಟಿದ್ದರು. ಡಬಲ್ ಬೀ ಮಾತ್ರ ಬಿಟ್ಟಿಲ್ಲ ಎಂದು ಯಾರೋ ಸುದ್ದಿ ತಂದರು. ಶ್ರಾವಣದಲ್ಲಿ ಮಂಡಯಿಯಲ್ಲಿ ಡಬಲ್ ಬೀ ಎಲ್ಲಿಂದ ಬರಬೇಕು? ಹಿಂದಿನ ದಿನ ಸುಮನ ಕಾಕು ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಳು.

"ಮಂಗಲ, ನಿಮ್ಮ ಗಿಡದಾಗ ಕಾಯಿ ಛಲೋ ಹಿಡದಾವ. ನಮ್ಮ ಚೌಕಾಕ್ಕ ಒಂದ ಬುಟ್ಟಿ ಕೊಡತೀಯೇನವಾ? ನನ್ನ ಮಗಳನ್ನ ಸಂಜೀಕ ಕಳಸ್ತೇನಿ."

ಒಂದು ಮಾತು ಹೇಳಬಹುದಿತ್ತು: ಗುಲಾಬಿ ಬೇಯಿಸಿ ಹಾಕ್ರಿ ಕಾಕು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಸಣ್ಣದರಲ್ಲಿ ನನ್ನ ಸಿಟ್ಟು ತೀರುವಂಥದಲ್ಲ. "ಅಯ್ಯ, ಕೇಳೂದೇನೈತ್ರಿ, ಕೊಡತೇನಿ" ಎಂದೆ, ನಗುತ್ತ.

ಮಧ್ಯಾಹ್ನ ಕಾಯಿ ಕೊಯ್ದೆ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಎಂಟೊಂಬತ್ತು ಕಾಯಿಗಳಿಗೆ ಸೂಜಿಮೊನೆಯಷ್ಟು ಗಾಯ ಇತ್ತು, ಮಾಯ್ದ ಗಾಯ. ಹುಳ ಎಳೆಯದರಲ್ಲಿ ಕೊರೆದು ಒಳಹೊಕ್ಕರೆ ಹೊರಗೆ ಅಷ್ಟೇ ಕಾಣುವುದು. ಅವನ್ನು ಒಂದು ಬುಟ್ಟಿಯ ತಳಕ್ಕೆ ಹಾಕಿ ಮೇಲೆ ನಾಕು ಹಿಡಿ ಒಳ್ಳೆಯ ಕಾಯಿ ಹರಡಿದೆ. ಇದು ಕಾಕುವಿಗೆ. ಇನ್ನೊಂದು ಬುಟ್ಟಿಗೆ ಎಲ್ಲ ನಯವಾದ, ನಿಷ್ಕಳಂಕ ಕಾಯಿ. ಇದು ನಮಗೆ. ಕಾಕು ಅಡುಗೆಗೆ ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದಳು. ಗಡಿಬಿಡಿಯಲ್ಲಿ ಆಕೆ ಯಾವ ಕಾಳನ್ನು ಹೋಳು ಮಾಡಿ ನೋಡುತ್ತಾಳೆ? ನಾಳೆ ಇಡೀ ಕಾಲೋನಿಯ ಎದುರಿಗೆ, ಆ ಮಾರ್ಬಲ್ಲಿನ ಮೇಲೆ ಅಂತರಾಯ ಆಗುತ್ತದೆ. ವರ್ಷಗಟ್ಟಲೆ ಜನ ಆ ಮನೆಯನ್ನು ತೋರಿಸಿ ಅದನ್ನೇ ಹೇಳುತ್ತಾರೆ.

ಒಬ್ಬ ತಪಸ್ವಿ ಒಂದು ದಿನ ನೀರಿಲ್ಲದೆ ಇರಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲವೇ? ಹೊಳೆಯಿತು. ಅವರಿಗೆ ಉಪವಾಸ ಹೊಸದೇನಲ್ಲ ಎಂದುಕೊಂಡೆ. ಆವತ್ತಿನ ನನ್ನ ಮನಸ್ಸು ಎಷ್ಟು ಕೆಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡೂ ಬುಟ್ಟಿ ಪಡಸಾಲೆಯಲ್ಲಿಟ್ಟು, ಕಾಕುವಿನದು ಯಾವುದೆಂದು ಅತ್ತೆಗೆ ತೋರಿಸಿ, ಬಾವಿಗೆ ನೀರಿಗೆ ಹೋದೆ. ನೀರು ಸೋಸಿ ತುಂಬಿಕೊಂಡು ಬರುವಷ್ಟರಲ್ಲಿ ಒಂದೇ ಬುಟ್ಟಿ ಉಳಿದಿತ್ತು. "ಕಾಕುನ ಮಗಳು ಬಂದಿದ್ದಳು, ಕೊಟ್ಟ ಕಳಿಸೀನಿ" ಎಂದರು ಅತ್ತೆ. ನಾನು ನಗುತ್ತ ಕೊಡ ಇಳಿಸಿದೆ.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಒದ್ದೆ ಸೀರೆ ಉಟ್ಟು ಕಿಟಕಿಯ ಕೆಳಗೆ ಕಾಯಿ ಬಿಡಿಸಲು ಕೂತೆ. ಆ ಕಿಟಕಿಯಿಂದ ಕಾಕುವಿನ ಗೇಟು ಕಾಣುತ್ತಿತ್ತು. ಬಾಳೆಕಂಬ, ಬಣ್ಣದ ರಂಗೋಲಿ, ರೇಷ್ಮೆಯ ಹೆಂಗಸರು, ಬೆಳ್ಳಿಯ ಕಲಶ. ನನ್ನ ಕೈ ಬಿಡಿಸುತ್ತಿತ್ತು, ಕಣ್ಣು ಅಲ್ಲಿತ್ತು. ಎರಡು ಕಾಯಿಯಲ್ಲಿ ಹುಳ ಸಿಕ್ಕವು. ನಿನ್ನೆ ಕಣ್ಣು ತಪ್ಪಿರಬೇಕು ಎಂದು ಆಚೆಗಿಟ್ಟೆ. ಹೇಗೂ ಬಿಸಿಲಿಗೆ ಹಿಡಿದು ಆರಿಸಿದ ಬುಟ್ಟಿ ಇದು. ದೊಡ್ಡ ಕಾಳನ್ನೆಲ್ಲ ಹೋಳು ಮಾಡಿದೆ, ಸಣ್ಣವನ್ನು ಹಾಗೇ ಬಿಟ್ಟೆ. ಮೊದಲ ಕುದಿಯ ನೀರು ಚೆಲ್ಲಿ, ಎರಡನೆಯ ನೀರಿನಲ್ಲಿ ಮೆತ್ತಗೆ ಬೇಯಿಸಿ, ಉಪ್ಪಿಲ್ಲದ ಪಲ್ಯ ಮಾಡಿದೆ.

ಹತ್ತರ ಸುಮಾರಿಗೆ ಮಹಾರಾಜರು ಓಣಿಗೆ ತಿರುಗಿದರು. ಕಾಕುವಿನ ಗೇಟಿನ ಮುಂದೆ ಒಂದು ಕ್ಷಣ ನಿಂತರು. ಅವಳ ಕಡೆಯ ಹತ್ತು ಗಂಟಲು ಒಟ್ಟಿಗೆ ಕರೆದವು. ಅವರು ಮುಂದೆ ನಡೆದು, ನಮ್ಮ ಮುರುಕು ಬೇಲಿಯ ಮುಂದೆ, ಹಿತ್ತಾಳೆಯ ತಂಬಿಗೆ ಹಿಡಿದ ನನ್ನ ಅತ್ತೆಯ ಎದುರಿಗೆ ನಿಂತುಬಿಟ್ಟರು. ಏನು ನೇಮ ಹಿಡಿದಿದ್ದರೋ ಯಾರಿಗೆ ಗೊತ್ತು. ಅತ್ತೆ ತಂಬಿಗೆ ಎತ್ತಿ ಹಿಡಿದು ಕರೆದರು: "ನಮೋಸ್ತು ಸ್ವಾಮಿ, ನಮೋಸ್ತು, ನಮೋಸ್ತು. ಅತ್ರ ಅತ್ರ, ತಿಷ್ಠ ತಿಷ್ಠ." ಮೂರು ಸುತ್ತು ಬಂದು ಹೇಳಬೇಕಾದ ಮಾತನ್ನು ಅತ್ತೆಯ ಜೊತೆ ನಾನೂ ಹೇಳಿದೆ. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಹೇಳುತ್ತ ಹೇಳುತ್ತ ಬೇಲಿಯಾಚೆ ನೋಡಿದೆ. ಕಾಕುವಿನ ಮುಖ ಬಾಡಿತ್ತು. ಸ್ವಲ್ಪ ನಿರಾಸೆಯೇ ಆಯಿತು ನನಗೆ, ನಿಜ ಹೇಳಬೇಕೆಂದರೆ. ಮಹಾರಾಜರು ಅಲ್ಲಿಗೆ ಹೋಗಿದ್ದರೆ ಇನ್ನೂ ದೊಡ್ಡದನ್ನು ನೋಡಬಹುದಿತ್ತು.

ಕಾಲೋನಿಯ ಜನ ನಮ್ಮ ಅಂಗಳದಲ್ಲಿ ತುಂಬಿಕೊಂಡರು, ಕಾಕುವೂ ಬಂದಳು. ಮಹಾರಾಜರು ಮೊದಲು ನೀರು ತೆಗೆದುಕೊಂಡರು, ಆಮೇಲೆ ಎರಡು ತುತ್ತು ಅನ್ನ. ಮೂರನೆಯದು ಅತ್ತೆಯ ಕೈಯಿಂದ ಪಲ್ಯ. ಅವರು ಬೊಗಸೆಯಲ್ಲಿ ಬಿದ್ದುದನ್ನು ಹೆಬ್ಬೆರಳಿನಿಂದ ಒತ್ತಿ, ಸರಿಸಿ, ನೋಡಿ ಆಮೇಲೆ ಬಾಯಿಗೆ ಒಯ್ಯುವವರು. ಹೆಬ್ಬೆರಳು ಒಂದು ಸಣ್ಣ ಕಾಳನ್ನು ಒತ್ತಿತು. ಕಾಳು ಬಿರಿಯಿತು. ಹೆಬ್ಬೆರಳು ಅಲ್ಲೇ ನಿಂತಿತು. ಆಮೇಲೆ ಎರಡೂ ಕೈ ನಿಧಾನವಾಗಿ ಬೇರೆಯಾದವು, ಅನ್ನ ಪಲ್ಯ ಕೆಳಗಿನ ಪರಾತಕ್ಕೆ ಬಿತ್ತು. ಅವರು ಕೂತರು. ಯಾರ ಮೇಲೂ ಸಿಟ್ಟಿಲ್ಲದ ಮುಖ. ಹೋಗುವಾಗ ಅತ್ತೆಗೆ ಆಶೀರ್ವಾದ ಮಾಡಿಯೇ ಹೋದರು.

ಅತ್ತೆ ಅವತ್ತು ಬಾಯಿಗೆ ನೀರೂ ಹಾಕಲಿಲ್ಲ. ಜನ ಹೋದ ಮೇಲೆ ಕಂಬಕ್ಕೆ ಒರಗಿ ಕೂತು ಹೇಳಿದರು, "ಕಾಕುಗ ಅಂತ ನೀ ಇಟ್ಟಿದ್ದ ಬುಟ್ಟ್ಯಾಗ ಕೈ ಆಡಿಸಿದೆ. ತಳದಾಗ ಗಾಯದ ಕಾಯಿ ಹತ್ತಿದೂ. ಗಡಿಬಿಡ್ಯಾಗ ಬುಟ್ಟಿ ಅದಲ ಬದಲ ಆಗ್ಯಾವ ಅಂತ ತಿಳಕೊಂಡೆ. ಮಂದಿಗೆ ಕೊಡೂ ಮುಂದ ಛಲೋದು ಕೊಡಬೇಕಲಾ, ಅದಕ್ಕ ನಮ್ಮದು ಕೊಟ್ಟ ಕಳಿಸಿದೆ. ನಮ್ಮನ್ಯಾಗ ನೀ ಬಿಡಸಾಕಿ, ನೋಡಿ ನೋಡಿ ಬಿಡಸ್ತಿ ಅಂತ." ಆಮೇಲೆ ಕೇಳಿದರು, "ಕಣ್ಣ ಎಲ್ಲಿಟ್ಟಿದ್ದಿ ಮಂಗಲ?"

ನಾನು ಪರಾತ ತೊಳೆಯಲು ಎತ್ತಿಕೊಂಡೆ. ಪೊರೆ ಬಂದ ಆ ಕಣ್ಣು ನನ್ನ ಮೇಲೆಯೇ ಇತ್ತು. ಏನು ಗೊತ್ತಾಯಿತೋ, ಎಷ್ಟು ಗೊತ್ತಾಯಿತೋ, ಇಂದಿಗೂ ನನಗೆ ತಿಳಿಯದು.

ಮರುದಿನ ಸುಮನ ಕಾಕು ಬಂದಳು. ಚುಚ್ಚಲು ಬಂದಿದ್ದಾಳೆ ಎಂದೇ ಹಲ್ಲು ಕಚ್ಚಿ ನಿಂತೆ. ಅವಳು ಅತ್ತೆಯ ಪಕ್ಕ ನೆಲಕ್ಕೇ ಕೂತಳು. "ಆಯಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಯಾರ ಮನ್ಯಾಗ ಆಗೂದಿಲ್ಲ? ಚತುರ್ದಶಿ ಉಪಾಸ ಕಳೀಲಿ, ನಮ್ಮ ಮನ್ಯಾಗ ಮತ್ತ ಚೌಕಾ ಹಾಕತೇವಿ. ನೀವ ಮುಂದ ನಿಂತು ಕೊಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಆದರ ಮಂಗಲ, ನೀ ಕೊಟ್ಟ ಕಾಯಿ ಎಂಥಾ ಛಲೋ ಇದ್ದೂ ಅಂತಿ! ಅಷ್ಟೂ ನಾನಽ ಕೂತು ಬಿಡಿಸಿದೆ, ಒಂದರಾಗೂ ಹುಳ ಇಲ್ಲ."

ಅವಳೇ ಕೂತು ಬಿಡಿಸಿದ್ದಳು. ಒಂದೊಂದೇ ಕಾಳು.

ಹೇಳಿದ ಹಾಗೆಯೇ ಮಾಡಿದಳು. ಮುಂದಿನ ವಾರ ಮಹಾರಾಜರು ಬಂಗಲೆಗೆ ಹೋದರು. ಅತ್ತೆಯ ಕೈ ಹಿಡಿದು ಮುಂದೆ ನಿಲ್ಲಿಸಿದವಳು ಕಾಕು, ತುತ್ತು ಎತ್ತಿ ಕೊಟ್ಟವರು ಅತ್ತೆ. ಅಂತರಾಯ ಆಗಲಿಲ್ಲ. ಅತ್ತೆ ಮನೆಗೆ ಬಂದು ದೇವರ ಮುಂದೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತರು. "ನನ್ನ ಜನ್ಮ ಸಾರ್ಥಕ ಆತು. ಸುಮನ ಭಾಳ ದೊಡ್ಡ ಮನಸ್ಸಿನಾಕಿ" ಎಂದರು. ಆ ಚೌಕಾಕ್ಕೆ ಹೋದದ್ದು ನನ್ನ ಬಾವಿಯ ನೀರು, ನನ್ನ ಅವ್ವನ ಕಾಳು, ನನ್ನ ಅತ್ತೆ. ಪುಣ್ಯವನ್ನೂ ಅವಳೇ ಕೊಟ್ಟಳು. ಈಗ ಕೇಳಿದರೆ ಅದಕ್ಕೆ ಕೃತಜ್ಞತೆ ಬರಬೇಕಿತ್ತು ಎಂದು ಯಾರಾದರೂ ಹೇಳುತ್ತಾರೆ. ನನಗೆ ಬಂದದ್ದು ಹೊಟ್ಟೆಯುರಿ, ಮುರುಮು ಬಿದ್ದ ದಿನಕ್ಕಿಂತ ನಾಕು ಪಟ್ಟು ಹೆಚ್ಚು.

ದೀಪಾವಳಿಯ ಹೊತ್ತಿಗೆ ಗಿಡದಲ್ಲೇ ಒಣಗಲು ಬಿಟ್ಟ ಕಾಯಿ ಗಿಲಗಿಲ ಸದ್ದು ಮಾಡತೊಡಗಿದವು. ಬಿಡಿಸಿದರೆ ಎರಡು ಹಿಡಿ ಬೀಜ, ನಾನು ತಂದಷ್ಟೇ. ಕಾಕು ಚಕ್ಕಲಿ ಉಂಡೆಯ ಫರಾಳದ ತಾಟು ಹಿಡಿದು ಬಂದು ಕೇಳಿದಳು. "ಬಿತ್ತಾಕ ಒಂದ ಹಿಡಿ ಕೊಡ ಮಂಗಲ. ಆವತ್ತ ಏನೇನೋ ಅಂದೆ, ತಪ್ಪಾತು. ನಮ್ಮ ಮಾಳಿಗಿ ಗಚ್ಚಿ ಮ್ಯಾಲ ದಿನಾ ಪೂರಾ ಬಿಸಲ ಇರತೈತಿ. ಕುಂಡದಾಗ ಹಾಕತೇನಿ."

ತಪ್ಪಾಯಿತು ಎಂದಳು. ನಾನು ಕಾದಿದ್ದು ಅದಕ್ಕೇ ಅಲ್ಲವೇ? ಆದರೆ ಅಲ್ಲಿ ನಾಲ್ಕು ಜನ ಇರಲಿಲ್ಲ. ನಕ್ಕವರ ಎದುರಿಗೆ ಹೇಳಲಿಲ್ಲ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಹೇಳಿದಳು. "ನಾಳೆ ಕೊಡತೇನ್ರಿ ಕಾಕು" ಎಂದೆ.

ಒಂದು ಹಿಡಿಯನ್ನು ಬಾಟಲಿಗೆ ಹಾಕಿ ಬೂದಿ ಬೆರೆಸಿದೆ. ಇನ್ನೊಂದು ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಅದ್ದಿ ಹಿಡಿದೆ. ಸಿಪ್ಪೆ ಸುಕ್ಕಾಗಬಾರದು, ಒಳಗಿನ ಜೀವ ಮಾತ್ರ ಹೋಗಬೇಕು. ಅದೇ ಹಸಿ ಕಹಿ ವಾಸನೆ ಮುಖಕ್ಕೆ ಬಂತು. ಒಣಗಿಸಿದ ಮೇಲೆ ಯಾವುದು ಯಾವುದೆಂದು ನನಗೇ ಗೊತ್ತಾಗದಷ್ಟು ಚೆಂದ ಕಾಣುತ್ತಿದ್ದವು. ಕೈಯಾರೆ ಕೊಟ್ಟು ಬಂದೆ. ಕಣ್ಣು ಕೆಳಗೆ ಮಾಡಿ ಊರ್ರಿ, ಬಹಳ ನೀರು ಹಾಕಬ್ಯಾಡ್ರಿ ಎಂದು ಹೇಳಿಯೂ ಬಂದೆ. ಬೇಸಿಗೆಯಲ್ಲಿ ಅವಳು ದಿನಾ ಬೆಳಿಗ್ಗೆ ಗಚ್ಚಿಯ ಮೇಲೆ ಕುಂಡಗಳ ಹತ್ತಿರ ಬಗ್ಗಿ ನೋಡುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು. ಅವಳು ತಲೆ ತಗ್ಗಿಸುವುದನ್ನು ನಾನು ಹೀಗೆ ನೋಡಿದೆ. ದಿನಾ ನೋಡಿದೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದೇ ಬೇಸಿಗೆಯ ಕೊನೆಗೆ ಅವರು ಎರಡನೆಯ ಮಹಡಿ ಏರಿಸಿದರು, ಗಚ್ಚಿ ಇನ್ನೂ ಮೇಲಕ್ಕೆ ಹೋಯಿತು. ನಮ್ಮ ಮೂಡಣಕ್ಕೂ ಒಂದು ಅಪಾರ್ಟ್‌ಮೆಂಟ್ ಎದ್ದಿತು. ಬಾವಿಯ ಬದಿಗೆ ಬಿಸಿಲೆಂಬುದು ಒಂದು ತಾಸು ಬಂದರೆ ಹೆಚ್ಚು. ನಾನು ಬಿತ್ತಿದ ಹಿಡಿ ಹುಟ್ಟಿತು, ಆದರೆ ಗಿಡ ಬೆಳಕು ಹುಡುಕುತ್ತ ಸಣಕಲಾಗಿ ಉದ್ದ ಎದ್ದು ಮಲಗಿದವು. ಹೂವು ಕಟ್ಟದೆ ಉದುರಿದವು. ಸಿಕ್ಕ ಹತ್ತು ಬೀಜ ಮರುವರ್ಷ ಹಾಕಿದೆ, ಒಂದೂ ಕಾಯಿ ಇಲ್ಲ. ಬಾಟಲಿಯಲ್ಲಿ ಬೂದಿ ಮಾತ್ರ ಉಳಿಯಿತು. ಅವಳ ಗೋಡೆ ನನ್ನ ಅವ್ವನ ಬೀಜವನ್ನು ಕೊಂದಿತು ಎಂದು ಗಂಡನಿಗೆ ಹೇಳಿದೆ, ಅಣ್ಣನಿಗೆ ಹೇಳಿದೆ, ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳುತ್ತ ಬಂದೆ.

ಮದುವೆಯ ದಿನ ಆ ಓಣಿಗೆ ಕಾಲಿಟ್ಟರೆ ಬಂಗಲೆಯ ಮುಂದೆ ಸ್ಕೂಟಿಗಳ ಸಾಲು. ಮೇಲಿನ ಮಹಡಿಯಲ್ಲಿ ಕಾಕುವಿನ ಸೊಸೆ ಗಣಿತದ ಕ್ಲಾಸು ನಡೆಸುತ್ತಾಳಂತೆ. ಕಾಕು ಕೆಳಗೆ ಜೋಕಾಲಿಯ ಮೇಲೆ ಕೂತು ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಕೂದಲೆಲ್ಲ ಬೆಳ್ಳಗೆ. ಗೇಟಿನಲ್ಲಿ ನಿಂತ ನನ್ನನ್ನು ಎರಡೇ ಕ್ಷಣದಲ್ಲಿ ಗುರುತು ಹಿಡಿದಳು.

"ಅಗ ಬಾಯಿ, ಮಂಗಲ! ಬಾ ಒಳಗ, ಕುಂಡ್ರು. ನಿಮ್ಮ ಅತ್ತಿಯವರ ಹೋದ ಸುದ್ದಿ ಕೇಳಿ ನಾ ಎಷ್ಟ ಅತ್ತೆ ಅಂತಿ" ಎಂದಳು. ಮೊಮ್ಮಗಳಿಗೆ ಮರಾಠಿಯಲ್ಲಿ ನನ್ನ ಪರಿಚಯ ಮಾಡಿಕೊಟ್ಟಳು, ಇವಳ ಕೈಯಿಂದ ಕಡ್ಡಿ ಊರಿದರೂ ಚಿಗುರುತ್ತದೆ ಎಂದು. ಆಮೇಲೆ ನನ್ನ ಕಡೆ ಬಗ್ಗಿದಳು. "ನಿಮ್ಮ ಅವ್ವನ ಆ ಗಿಡದ ಡಬಲ್ ಬೀ ಇನ್ನೂ ಅದಾವೇನ?"

"ಇಲ್ರಿ ಕಾಕು. ಬೀಜ ಹೋತು."

"ಹೋತು? ಅಯ್ಯ, ತಡಿ."

ಗೋಡೆ ಹಿಡಿದು ಒಳಗೆ ಹೋದವಳು ಒಂದು ಸಣ್ಣ ಸ್ಟೀಲಿನ ಡಬ್ಬಿ ತಂದಳು. "ನೀ ಕೊಟ್ಟಿದ್ದನ್ನ ಎರಡ ಸರ್ತಿ ಹಾಕಿದೆ. ಎಷ್ಟ ಮಾಡಿದ್ರೂ ಒಂದೂ ಹುಟ್ಟಲಿಲ್ಲ. ಆವತ್ತ ನಿನ್ನ ಸಸಿ ಮ್ಯಾಲ ಮುರುಮು ಹಾಕಿಸಿದೆ, ಅದರ ಪಾಪ ನನ್ನ ಕೈಗೆ ಹತ್ತೈತಿ ಅಂತ ಅನಿಸ್ತು. ಆಮ್ಯಾಲ ನಾ ಒಂದ ತುಳಸಿ ಸುದ್ದಾ ಹಚ್ಚಲಿಲ್ಲ ನೋಡು. ಇಷ್ಟ ಉಳಿಸಿ ಇಟ್ಟಿದ್ದೆ. ನಿನ್ನ ಕೈಗುಣ ಬ್ಯಾರೆ. ನೀ ಹಾಕಿದ್ರ ಹುಟ್ಟತಾವ."

ಡಬ್ಬಿ ಓರೆ ಮಾಡಿದಳು. ನಾನು ಎರಡೂ ಕೈ ಜೋಡಿಸಿ ಬೊಗಸೆ ಹಿಡಿದೆ. ಏಳು ಕಾಳು ಬಿದ್ದವು. ಕೆನೆಬಣ್ಣ ಸ್ವಲ್ಪ ಕಂದಿತ್ತು, ಕಣ್ಣಿನ ಹತ್ತಿರದ ಕೆಂಪು ಗೆರೆ ಹಾಗೇ ಇತ್ತು. ಆ ಕ್ಷಣಕ್ಕೂ ನನಗೆ ಮೊದಲು ಬಂದದ್ದು ಅವಳ ಮೇಲಿನ ಸಿಟ್ಟೇ. ಇವನ್ನು ಇಟ್ಟುಕೊಂಡಿದ್ದಾದರೂ ಯಾಕೆ ಈ ಮುದುಕಿ? ಎಸೆದಿದ್ದರೆ ಅವಳ ಗೋಡೆಯ ಕಥೆಯನ್ನು ನಾನು ಸಾಯುವವರೆಗೆ ಹೇಳಿಕೊಂಡು ಇರುತ್ತಿದ್ದೆ. ದಿನವಿಡೀ ಬಿಸಿಲು ಬೀಳುವ ಗಚ್ಚಿ ಆ ಕಾಲೋನಿಯಲ್ಲಿ ಅವಳದೊಂದೇ ಇತ್ತು. ನಾನು ಕುದಿನೀರಿಗೆ ಹಿಡಿದದ್ದು ಅವಳ ಪಾಲಿನ ಹಿಡಿಯನ್ನಲ್ಲ, ಬದುಕಬಹುದಾಗಿದ್ದ ಹಿಡಿಯನ್ನು.

ಹೇಳಬೇಕು ಅನಿಸಿತು. ಅವಳ ಕೈಯಲ್ಲಿ ಏನೂ ದೋಷವಿಲ್ಲ ಎಂಬುದನ್ನಾದರೂ ಹೇಳಬೇಕಿತ್ತು. ಬಾಯಿ ತೆರೆದೆ.

"ಹಾಕತೇನ್ರಿ ಕಾಕು" ಎಂದೆ.

ಮಿರಜಿನ ಬಸ್ಸಿನಲ್ಲಿ ಆ ಏಳು ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿದೆ. ಯಾವುದರಲ್ಲೂ ಹುಳ ಇರಲಿಲ್ಲ. ಈಗ ಅವು ಅವ್ವನ ಹಳೆಯ ಬಾಟಲಿಯಲ್ಲಿವೆ. ಬೂದಿ ಮಾತ್ರ ಬೆರೆಸಿಲ್ಲ.